ಬಿಗಿದ ಗಂಟಿನ ಚೌಕ ನಾಣ್ಯ

ಮಿಡಲ್‌ಬರ್ಗ್, ೯ ಮಾರ್ಚ್ ೧೫೭೪

ನನ್ನ ಮುದ್ದು ಯೋಸೀನೆ,

ಅಮ್ಮ ಬದುಕಿದ್ದಾಳೆ, ಮೊದಲು ಆ ಹೆದರಿಕೆ ಬಿಡು. ಮುತ್ತಿಗೆ ಮುಗಿದು ಮೂರು ವಾರವಾಯಿತು. ಅಗಸೆ ಹಿಂಡಿಯ ರೊಟ್ಟಿ ತಿಂದು ಸೊರಗಿದ್ದವಳು ಈಗ ದಿನಾ ಹೆರಿಂಗ್ ಮೀನು ತಿಂದು ಕೆನ್ನೆ ತುಂಬಿಕೊಂಡಿದ್ದೇನೆ. ಊರು ಸ್ಪೇನಿನ ದೊರೆಯ ಕೈಬಿಟ್ಟು ಬಂಡುಕೋರರ ಪಾಲಾಯಿತು. ನನಗಂತೂ ಮೀನು ಬಂದದ್ದೇ ದೊಡ್ಡ ಸುದ್ದಿ.

ಈಗ ನೀನು ಕೂತು ಓದಬೇಕಾದ ವಿಷಯ. ಮುತ್ತಿಗೆಯಲ್ಲಿ ದಂಡಿನವರ ಸಂಬಳಕ್ಕೆ ನಾಣ್ಯವಿಲ್ಲದೆ, ಮನೆಮನೆಯ ಚಿನ್ನ ತರಿಸಿ ಚೌಕ ನಾಣ್ಯ ಹೊಡೆಸಿದರು. ನಿನ್ನ ಅಪ್ಪ ಮದುವೆಯಲ್ಲಿ ಹಾಕಿದ ಸರವನ್ನೂ ಕೊಟ್ಟುಬಂದೆ. ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅಚ್ಚು ಹೊಡೆಯುತ್ತಿದ್ದ ವೀಬೆ ನೋಡಿದ. ಅವನು ಹೆಂಡತಿಯನ್ನು ಕಳೆದುಕೊಂಡ, ಫ್ರಿಸಿಯಾ ನಾಡಿನ ಅಕ್ಕಸಾಲಿಗ. ಮಾತು ಕಡಿಮೆ, ಮೀಸೆ ಜಾಸ್ತಿ.

ಮೊನ್ನೆ ಭಾನುವಾರ ತನ್ನ ತಂಗಿ ಔಕೆಯೊಡನೆ ಊಟಕ್ಕೆ ಬಂದವನು ಗಂಟು ಹಾಕಿದ ಕರವಸ್ತ್ರ ಕೈಗಿಟ್ಟು, "ನಿಮ್ಮ ಸರದ ಚಿನ್ನ ಕಣ್ರೀ. ಬೇರೇದರ ಜೊತೆ ಬೆರೆಸ್ದೆ ಒಂದೇ ಒಂದು ನಾಣ್ಯ ಹೊಡ್ದಿದ್ದೆ. ನನ್ನ ಕೂಲಿಗೆ ಬದಲಾಗಿ ಅದನ್ನೇ ಇಸ್ಕೊಂಡೆ" ಅಂದ. ಗಂಟು ಸಡಿಲವಾಗಿತ್ತು. ಎಲ್ಲಿ ಜಾರಿ ಬೀಳುತ್ತದೋ ಎಂದು ಹಲ್ಲು ಕಚ್ಚಿ ಎಳೆದು ಬಿಗಿದೆ. ಔಕೆ ಚಪ್ಪಾಳೆ ತಟ್ಟಿ, "ಅಯ್ಯೋ, ಒಪ್ಕೊಂಡೇಬಿಟ್ರಲ್ಲ ಅತ್ತಿಗೆ!" ಎಂದು ಕುಣಿದಳು. ಅವರ ನಾಡಿನಲ್ಲಿ ಗಂಡು ಹೀಗೆ ನಾಣ್ಯ ಕಟ್ಟಿ ಕೊಡುತ್ತಾನಂತೆ. ಹೆಣ್ಣು ಗಂಟು ಬಿಗಿದರೆ ಮದುವೆಗೆ ಒಪ್ಪಿದಂತೆ, ಸಡಿಲವಾಗೇ ಬಿಟ್ಟರೆ ಬೇಡವೆಂದಂತೆ. ನನಗೇನು ಗೊತ್ತು! ಐವತ್ತೊಂದರ ಮುದುಕಿ ಬೆಂದ ಸಿಗಡಿಯ ಹಾಗೆ ಕೆಂಪಾದೆ.

ವೀಬೆ ಮೀಸೆಯೊಳಗೇ ನಕ್ಕ. "ತಿಳೀದೆ ಮಾಡಿದ್ದು ಮಾತಾಗಲ್ಲ. ಬಿಚ್ಚಿಡಿ. ಬರೋ ಭಾನುವಾರ ಬಂದು ಗಂಟು ನೋಡ್ತೀನಿ" ಅಂದ.

ಬಿಚ್ಚಿ ನೋಡಿದೆ. ನಾಣ್ಯದ ಮೇಲೆ ದೇವರಿಗೆ, ದೊರೆಗೆ, ನಾಡಿಗೆ ನಿಷ್ಠ ಎಂದಿದೆ. ಸತ್ತ ಗಂಡನ ಪ್ರಸ್ತಾಪ ಎಲ್ಲೂ ಇಲ್ಲ.

ಅಪ್ಪನ ಜಾಗಕ್ಕೆ ಯಾರನ್ನೂ ತರಬೇಡ, ಆಂಟ್‌ವರ್ಪ್‌ಗೆ ಬಂದು ನನ್ನ ಜೊತೆಗಿರು ಎಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೀಯೆ. ಮರೆತಿಲ್ಲ. ಆದರೆ ಈ ಮನುಷ್ಯ ಇದ್ದರೆ ಮನೆ ಬೆಚ್ಚಗಿರುತ್ತದೆ, ಮಗಳೇ. ನೀನು ಬೇಡವೆಂದರೆ ಗಂಟು ಸಡಿಲ ಬಿಟ್ಟು ಮೊದಲ ದೋಣಿ ಹತ್ತುತ್ತೇನೆ. ನಿನ್ನ ಮಾತೇ ಕೊನೆ. ಶನಿವಾರದೊಳಗೆ ಉತ್ತರ ಬರಲಿ.

ನಿನ್ನ ಅಪ್ಪಣೆಗೆ ಕಾದಿರುವ ಅಮ್ಮ,
ಮಾಯ್ಕೆನ್

ಮತ್ತೆ ಸೇರಿಸಿದ್ದು: ಇವತ್ತು ಭಾನುವಾರ. ದೋಣಿ ಹೊರಡದೆ ಕಾಗದ ಇನ್ನೂ ಇಲ್ಲೇ ಇದೆ. ವೀಬೆ ಬಂದಿದ್ದ. ಅವನೂ ಔಕೆಯೂ ಸೇರಿ ಎಳೆದರೂ ನಾನು ಮತ್ತೆ ಹಾಕಿದ್ದ ಗಂಟು ಬಿಚ್ಚಲಿಲ್ಲ, ಕತ್ತರಿ ಬೇಕಾಯಿತು. ಈಸ್ಟರ್ ಕಳೆದ ಮೇಲೆ ಮದುವೆ. ಬೈಯುತ್ತಲಾದರೂ ಬಾ.