ಸ್ವಿಟ್ಜರ್ಲೆಂಡಿನ ಆಯೇರಿ

ಕಟಕೋಳ
೧೧ ಫೆಬ್ರುವರಿ ೨೦೨೫

ಚಿ. ಸೌ. ಗಂಗಾಳಿಗೆ, ಮಾವನ ತುಂಬು ಮನಸ್ಸಿನ ಆಶೀರ್ವಾದ.

ಪ್ಯಾರಿಸ್ಸಿನ ಕಂಪನಿಯವರು ಹೊಸ ಮಾಲು ಮಾಡಿದರೆ ಮೊದಲು ಕಟಕೋಳಕ್ಕೆ ಕಳಿಸಿ, ನಿಜಗುಣಪ್ಪನವರು ಹೂಂ ಅಂದ ಮೇಲೆಯೇ ಉಳಿದ ದೇಶಗಳಿಗೆ ಬಿಡುತ್ತಾರೆ ಎನ್ನುವುದು ನಿನಗೆ ಗೊತ್ತಿರಲಿ. ಸವದತ್ತಿಯಿಂದ ರಾಮದುರ್ಗದವರೆಗೆ ಹುಡುಕಿದರೂ ನನ್ನಷ್ಟು ಫಾರಿನ್ ವಸ್ತು ಇಟ್ಟುಕೊಂಡ ಗಂಡಸು ಇನ್ನೊಬ್ಬ ಸಿಗಲಿಕ್ಕಿಲ್ಲ. ಕರಿ ಕನ್ನಡಕ ನಾಲ್ಕು, ಅತ್ತರಿನ ಬಾಟಲಿ ಆರು, ಹೆಂಗಸರು ಹೆಗಲಿಗೆ ಹಾಕುವ ಚರ್ಮದ ಚೀಲ ಮೂರು. ಚೀಲದ ಚರ್ಮ ಮಾತ್ರ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತಿದೆ. ಅಲ್ಲಿಯ ಥಂಡಿ ಹವೆಗೆ ಮಾಡಿದ್ದು, ನಮ್ಮ ಬಿಸಿಲು ತಡೆಯಲಿಲ್ಲ.

ಮೊದಲಾದರೆ ಇಷ್ಟಕ್ಕೆ ನೀನು ನಗುತ್ತಿದ್ದೆ.

ನಿನ್ನ ಮಗನ ಜಾವಳ ಬರುವ ತಿಂಗಳ ಮೊದಲ ಮಂಗಳವಾರ ಎಲ್ಲಮ್ಮನ ಗುಡ್ಡದಲ್ಲಿ ಎಂದು ನಿನ್ನ ಅವ್ವ ಬಾಯವ್ವನಿಂದ ತಿಳಿಯಿತು. ಕೂಸು ಸೋದರಮಾವನ ತೊಡೆಯ ಮೇಲೆ ಕೂತು ಮೊದಲ ಕೂದಲು ಕೊಡಬೇಕು. ನಿನಗೆ ಅಣ್ಣ ತಮ್ಮಂದಿರಿಲ್ಲ. ಹಾಗಾಗಿ ಆ ತೊಡೆ ನನ್ನದೇ ಎಂದು ನೀನು ಹುಟ್ಟಿದಾಗಿನಿಂದ ತಿಳಿದುಕೊಂಡಿದ್ದೆ. ನಿನ್ನಿಂದ ಮಾತು ಬರಲಿಲ್ಲ. ಬಾಯವ್ವನನ್ನೇ ಕೇಳಿದರೆ, ಅವಳು ಸೊಪ್ಪು ಸೋಸುತ್ತಲೇ, "ಸುಮ್ನಿರೋ ಅಣ್ಣಾ, ಅಳಿಯಾ ಇನ್ನೂ ಸಿಟ್ಟಿನಾಗ ಅದಾನ. ಯಾರೋ ದೂರದ ತಮ್ಮನ್ನ ಕುಂಡ್ರಸ್ತಾರಂತ" ಅಂದಳು.

ಸಿಟ್ಟು ಯಾವುದರದು ಎಂದು ನನಗೆ ಗೊತ್ತು. ನಿನ್ನ ಲಗ್ನದಲ್ಲಿ ಮೈಕು ನನ್ನದೇ ಇತ್ತು. ಯಾರು ಏನು ಆಯೇರಿ ಮಾಡಿದರೆಂದು ಕೂಗಿದವನೂ ನಾನೇ. ಊರವರ ಪಾತ್ರೆ ಪಡಗ, ಸೀರೆ, ಟಾವೆಲ್ಲುಗಳನ್ನೆಲ್ಲ ಒಂದೊಂದು ಸಲ ಕೂಗಿದೆ. "ಕಟಕೋಳದ ನಿಜಗುಣಪ್ಪನವರಿಂದ ಮದುಮಗನಿಗೆ ಸ್ವಿಟ್ಜರ್ಲೆಂಡಿನ ಕೈಗಡಿಯಾರ" ಎಂದು ಮೂರು ಸಲ ಕೂಗಿದೆ. ಎಂಟು ದಿನಕ್ಕೆ ಅಳಿಯ ಭೀಮಶಿಯವರ ಮಣಿಕಟ್ಟು ಕರ್ರಗಾಯಿತು. ಬೈಲಹೊಂಗಲದ ಗಡಿಯಾರ ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು ನಕ್ಕ. ಅಂದಿನಿಂದ ನಿನ್ನ ಅತ್ತೆ ನಿನ್ನನ್ನು, "ಏ ಸ್ವಿಟ್ಜರ್ಲೆಂಡ, ಚಾ ಇಡು ಬಾ" ಎಂದು ಕರೆಯುತ್ತಾಳಂತೆ. ಇದನ್ನು ಕೇಳಿ ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಮಾರಿದ ಅಂಗಡಿಯವನು ಮೋಸ ಮಾಡಿದ ಎಂದು ಅವತ್ತು ನಿನಗೆ ಹೇಳಿದೆ. ಅಂಗಡಿಯೇ ಇರಲಿಲ್ಲ, ಗಂಗಾ. ಅದು ನಾನು ತರಿಸದೆ ಬಂದ ಪಾರ್ಸಲ್. ಮೈಕಿನ ಬಾಡಿಗೆಗೆಂದು ನನ್ನ ಹೆಸರು, ನಂಬರು ಊರೂರಿನ ಪೆಂಡಾಲಿನ ಮೇಲೆ ಇದೆಯಲ್ಲ, ಯಾರೋ ಎತ್ತಿಕೊಂಡು ಕಳಿಸಿದರು. ದುಡ್ಡು ಕೊಟ್ಟು ಪೆಟ್ಟಿಗೆ ತೆಗೆದಾಗಲೇ ಕೈಗೆ ಹಗುರ ಅನ್ನಿಸಿತ್ತು. ಆದರೂ ಕೂಗಿದೆ. ಒಮ್ಮೆ ದುಡ್ಡು ಕೊಟ್ಟವನ ಮನೆ ಅವರಿಗೆ ಗುರುತಾಯಿತು. ಅಂದಿನಿಂದ ಬರುತ್ತಲೇ ಇವೆ, ನಾನು ಬಿಡಿಸಿಕೊಳ್ಳುತ್ತಲೇ ಇದ್ದೇನೆ. ಹೋದದ್ದು ಬಹಳವೇನಲ್ಲ, ಒಂದೆರಡು ಸಾವಿರ.

ಯಾಕೆ ಬಿಡಿಸಿಕೊಳ್ಳುತ್ತೀ ಎಂದು ಕೇಳುವಿ. ಲಗ್ನದ ಕಾಲ ಮುಗಿದರೆ ಮೈಕಿಗೆ ಬಟ್ಟೆ ಮುಚ್ಚಿ ಇಡುತ್ತೇನೆ. ಆಮೇಲೆ ನನ್ನ ದನಿ ನನಗೇ ಕೇಳುವುದಿಲ್ಲ. ಇಷ್ಟು ವರ್ಷ ಎಲ್ಲರ ಹೆಸರು ಕೂಗಿದೆ. ನನ್ನನ್ನು ಹೆಂಡತಿ ಇಂದ್ರವ್ವ ಎಂದೂ ಹೆಸರು ಹಿಡಿದು ಕರೆಯಲಿಲ್ಲ, "ಏನ್ರಿ, ಕೇಳಸ್ತೇನ್ರಿ" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅದೂ ನಿಂತಿತು. ಪಾರ್ಸಲ್ ತರುವ ಶಟ್ಟೆಪ್ಪ ಮಾತ್ರ ಗಾಡಿ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ "ನಿಜಗುಣಪ್ಪಾರ" ಎಂದು ಕೂಗುತ್ತಾನೆ. ಮನೆಗೆ ಬಂದವನಿಗೆ ಬೆಲ್ಲ ನೀರು ಕೊಡದೆ ಕಳಿಸಲಾಗದು. ಆಮೇಲೆ ಚಹಾ. ಅವನಿಗೂ ಮಂಡಿನೋವು, ನನಗೂ ಮಂಡಿನೋವು. ಅಷ್ಟು ಹೊತ್ತು ಮನೆ ಮನೆಯ ಹಾಗಿರುತ್ತದೆ.

ನಿನ್ನೆಯೂ ಒಂದು ತಂದಿದ್ದ. ಕೊಡದೆ ಕೈಯಲ್ಲೇ ಹಿಡಿದುಕೊಂಡು ಅಂದ: "ಕಾಕಾ, ನೀವು ತರಸಿಲ್ಲಂದ್ರ ಬ್ಯಾಡ ಅಂತ ಒಂದ್ ಮಾತ್ ಹೇಳ್ರಿ, ತಿರುಗಿ ಕಳಸ್ತೇನಿ. ಎಲ್ಲಾ ಡುಪ್ಲಿಕೇಟ್ ಮಾಲ್ ರಿ ಇದು."

"ತಿರುಗಿ ಕಳಸಿದ್ರ ನೀ ಮತ್ತ ಯಾವಾಗ ಬರ್ತಿ?" ಎಂದು ಕೇಳಿದೆ.

ಅವನು ಬಸಿಯಲ್ಲಿ ಉಳಿದ ಚಹಾ ಮುಗಿಸಿದ. "ಪಾರ್ಸಲ್ ಇದ್ರ ಬರತೇನ್ರಿ ಕಾಕಾ" ಅಂದ. ಸುಳ್ಳು ಹೇಳಲು ಬಾರದ ಮನುಷ್ಯ. ನಾನು ದುಡ್ಡು ಕೊಟ್ಟು ಇಳಿಸಿಕೊಂಡೆ. ಇನ್ನೂ ಬಿಚ್ಚಿಲ್ಲ.

ಇಂದ್ರವ್ವನ ಪೆಟ್ಟಿಗೆಯಲ್ಲಿ ಗುಳೇದಗುಡ್ಡದ ಖಣ ಒಂದಿತ್ತು. ಅದರಲ್ಲಿ ಕೂಸಿನ ಬೋಳುತಲೆಗೆ ಕುಂಚಿಗೆ ಹೊಲಿಸಿದ್ದೇನೆ. ಬಣ್ಣ ಬಿಡುವುದಿಲ್ಲ, ಎರಡು ಸಲ ತೊಳೆದು ನೋಡಿದೆ. ನೀನು ಕರೆದರೆ ತರುತ್ತೇನೆ. ಮೈಕು ತರುವುದಿಲ್ಲ. ಏನು ಕೊಟ್ಟೆನೆಂದು ಕೂಗುವುದೂ ಇಲ್ಲ. ಭೀಮಶಿಯವರ ಎದುರು ತಲೆ ಬಗ್ಗಿಸಿ ಕೂರುತ್ತೇನೆ. ಕೂಸು ತೊಡೆಯ ಮೇಲಿದ್ದರೆ ಹೇಗೂ ಬಗ್ಗಲೇಬೇಕು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನಿನಲ್ಲೂ ಕೂಗಿಯೇ ಮಾತಾಡುವವನು, ಓಣಿಗೆಲ್ಲ ಕೇಳುತ್ತದೆ.

ನಿನ್ನ ಮಾವ,
ನಿಜಗುಣಪ್ಪ

ತಾ.ಕ.: ಮೇಲೆ ಒಂದೆರಡು ಸಾವಿರ ಎಂದು ಬರೆದದ್ದು ಸುಳ್ಳು. ದೊಡ್ಡ ಸ್ಪೀಕರುಗಳೆರಡನ್ನೂ ಮುನವಳ್ಳಿಯವರಿಗೆ ಮಾರಿದ್ದೇನೆ, ಮೈಕು ತರುವುದಿಲ್ಲ ಎಂದದ್ದು ಅದಕ್ಕೇ. ಬಾಯವ್ವನಿಗೂ ಹೇಳಿಲ್ಲ. ಪಾರ್ಸಲ್ಲಿಗೆ ಹೋದದ್ದು, ನಿನ್ನೆಯದೂ ಸೇರಿ, ಮೂವತ್ತೊಂದು ಸಾವಿರದ ನಾಲ್ಕುನೂರು ರೂಪಾಯಿ.