ಎದುರು ಬಂದ ಸೈಕಲ್ಲಿಗೆ ಕೈ ಎತ್ತಬೇಕೆ?

ನವಲೂರು, ಫೆಬ್ರವರಿ 30, 2231
ಮುಂಜಾನೆ, ಎರಡನೆಯ ಚಹಾದ ಹೊತ್ತು

ಎರಡು ಚಕ್ರದ ಮೇಲೆ ಕೂತು ಓಡಾಡುತ್ತಿರುವ ನನ್ನ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಜುಲೈ, ಆಗಸ್ಟ್ ಎರಡೂ ಅಕ್ಕಪಕ್ಕ ಕೂತು ಮೂವತ್ತೊಂದು ದಿನ ಉಣ್ಣುವುದು, ಪಾಪದ ಫೆಬ್ರವರಿ ಇಪ್ಪತ್ತೆಂಟಕ್ಕೇ ಎಲೆ ಮಡಚುವುದು ಅನ್ಯಾಯವೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ತೀರ್ಮಾನವಾಗಿ, ಅದರ ಪಾಲಿನ ದಿನಗಳನ್ನು ಅದಕ್ಕೆ ಕೊಡಿಸಲಾಗಿದೆ. ಪತ್ರದಲ್ಲಿ ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ಎಣ್ಣೆ ಕಾಣದ ಚೈನಿನಂತೆ ಕಿರುಗುಟ್ಟಬಹುದು. ಕ್ಷಮಿಸಿ, ಸಿಕ್ಕಸಿಕ್ಕಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಕಿರಿಯರು ಮೊದಲು ನಮಸ್ಕರಿಸಬೇಕೆಂಬ ಪದ್ಧತಿ ನಿಮ್ಮಲ್ಲೂ ಇತ್ತಂತೆ. ನಿಮಗೆ ಈಗ ಇಪ್ಪತ್ತೇ ವರ್ಷವಾಗಿದ್ದರೂ ನನಗಿಂತ ಒಂದೂವರೆ ಶತಮಾನಕ್ಕೂ ಹೆಚ್ಚು ಹಿರಿಯರು. ಆದ್ದರಿಂದ ನಾನೇ ಮೊದಲು: ಶರಣು.

ಈ ಮೊದಲು ಯಾರು, ಆಮೇಲೆ ಯಾರು ಎಂಬ ವಿಷಯವಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದಾಗ ಒಬ್ಬರು ಕೇಳಿದ ಪ್ರಶ್ನೆ ಕಣ್ಣಿಗೆ ಬಿತ್ತು: ದಾರಿಯಲ್ಲಿ ಎದುರಾಗುವ ಸೈಕಲ್ ಸವಾರರು ಒಬ್ಬರಿಗೊಬ್ಬರು ನಮಸ್ಕಾರ ಹೇಳಬೇಕೋ ಬೇಡವೋ? ಕೆಳಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಪ್ರಶ್ನೆ ಕೇಳಿದವರು ಎಷ್ಟು ದೂರ ಕೈ ಎತ್ತಿಕೊಂಡೇ ಹೋದರೋ ಎಂದು ಸಂಕಟವಾಯಿತು. ಉತ್ತರ ತಡವಾದರೂ ಬರಲಿ.

ನಮ್ಮಲ್ಲಿ ಪೆಟ್ರೋಲ್ ಎಂಬುದು ನಿಘಂಟಿನಲ್ಲಿ ಮಾತ್ರ ಸಿಗುತ್ತದೆ, ಅದೂ ಸೋರದಂತೆ ಎರಡು ಪದಗಳ ನಡುವೆ. ಹುಬ್ಬಳ್ಳಿ–ಧಾರವಾಡದ ಹೆದ್ದಾರಿಗೆ ಈಗ ಕಾಲ್ಪಥ ಎಂದು ಹೆಸರು; ಅಂದರೆ ಕಾಲಿನ ಬಲದಿಂದ ಮಾತ್ರ ಸಾಗುವ ದಾರಿ. ಅದರ ಮೇಲೆ ಓಡುವ ಪ್ರತಿಯೊಬ್ಬರನ್ನೂ ಕಾಗದಪತ್ರಗಳಲ್ಲಿ ‘ಚಕ್ರವರ್ತಿ’ ಎನ್ನುತ್ತೇವೆ. ನಿಮ್ಮಲ್ಲಿ ತುಳಿಯುವವರು ಬೇರೆ, ತುಳಿಸಿಕೊಳ್ಳುವವರು ಬೇರೆ ಇದ್ದರೆಂದು ಇತಿಹಾಸ ಹೇಳುತ್ತದೆ. ನಮ್ಮಲ್ಲಿ ಎಲ್ಲರೂ ತುಳಿಯುವವರೇ. ಡಾಕ್ಟರು, ಬ್ಯಾಂಡಿನವರು, ಹಿಂದಿನ ಸೀಟಿನಲ್ಲಿ ಮದುಮಗಳನ್ನು ಕೂರಿಸಿಕೊಂಡು ಬಾಸಿಂಗ ಹಾರದಂತೆ ತಲೆ ಬಗ್ಗಿಸಿದ ಮದುಮಗ, ಎಲ್ಲರೂ. ದಾರಿಯ ಪಕ್ಕದ ಹಳೆಯ ಪೆಟ್ರೋಲ್ ಬಂಕುಗಳ ಚಾವಣಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಅವಕ್ಕೆ ‘ನೆರಳ್ಬಂಕು’ ಎನ್ನುತ್ತೇವೆ. ಅಲ್ಲಿ ಕೂತು ಅಂಬಲಿ ಕುಡಿಯಬಹುದು, ಚಕ್ರಕ್ಕೆ ಗಾಳಿ ಹಾಕಿಸಿಕೊಳ್ಳಬಹುದು, ಪಂಚಾಯ್ತಿಯನ್ನೂ ಮಾಡಬಹುದು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿ, ಯಾರನ್ನೂ ಒಪ್ಪಿಸಲಾಗದೆ ನಿವೃತ್ತನಾಗಿ, ಈಗ ಕಾಲ್ಪಥದ ಹಾದಿ ಮಂಡಳಿಗೆ ಕಾರ್ಯದರ್ಶಿಯಾಗಿದ್ದೇನೆ. ಹೆಸರು ಕಲ್ಮೇಶ ಯಲಿಗಾರ. ಊರವರಿಗೆ ಮಾಸ್ತರ.

ಮೊದಮೊದಲು ದಾರಿಯಲ್ಲಿ ಮನಸ್ಸಿದ್ದವರು ಕೈ ಎತ್ತುತ್ತಿದ್ದರು, ಇಲ್ಲದವರು ಇಲ್ಲ. ಆದರೆ ಎತ್ತಿದ ಕೈಗೆ ಉತ್ತರ ಬಾರದಿದ್ದರೆ ಅದನ್ನು ಇಳಿಸುವುದು ಬಹಳ ಕಷ್ಟ. ತಲೆ ಕೆರೆದುಕೊಂಡಂತೆ ನಟಿಸಬೇಕಾಗುತ್ತದೆ. ಹೀಗೆ ಕೆರೆದುಕೊಂಡವರ ಸಂಖ್ಯೆ ಹೆಚ್ಚಿ, ಮಂಡಳಿಯ ಮುಂದೆ ಗದ್ದಲವಾಗಿ, ಒಂದು ನಿಯಮ ಬೇಕೆಂದಾಯಿತು. ಬರೆದವನು ನಾನು. ಏಳನೆಯ ನಿಯಮ: ಎದುರಾದ ಪ್ರತಿಯೊಬ್ಬ ಚಕ್ರವರ್ತಿಗೆ ಬಲಗೈ ಎತ್ತಿ ವಂದಿಸತಕ್ಕದ್ದು, ವಂದನೆಯೇ ಒಂದನೆಯ ಕರ್ತವ್ಯ. ಆ ಕೊನೆಯ ತುಂಡಿಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಕಾನೂನಿನ ಮೇಲೆ ಒಂದು ಕಣ್ಣಿಡಬೇಕೆಂದು ನನಗೆ ಆಗ ತಿಳಿದಿರಲಿಲ್ಲ.

ಬಲಗೈಯೇ ಏಕೆಂದು ಯಾರೂ ಕೇಳಲಿಲ್ಲ. ಎಡಗೈಯಲ್ಲಿ ಯಾರಾದರೂ ನಮಸ್ಕಾರ ಮಾಡುತ್ತಾರೆಯೇ? ಸೈಕಲ್ಲಿನ ಮುಂದಿನ ಬ್ರೇಕು ಇರುವುದು ಬಲಗೈಯಲ್ಲಿ ಎಂಬುದನ್ನೂ ಯಾರೂ ಯೋಚಿಸಲಿಲ್ಲ. ಒಂದು ವರ್ಷದಲ್ಲಿ ಊರಿನ ಮುಂದಿನ ಬ್ರೇಕುಗಳೆಲ್ಲ ತುಕ್ಕು ಹಿಡಿದವು. ಮುಂಜಾನೆ ಒಂಬತ್ತಕ್ಕೆ ಕಾಲ್ಪಥವನ್ನು ನೀವು ನೋಡಬೇಕಿತ್ತು: ಸಾವಿರಾರು ಜನ ಒಂದು ಕೈ ಮೇಲೆತ್ತಿಕೊಂಡು, ಅಗಸರು ಸೀರೆ ಒಣಹಾಕುವಂತೆ ಸಾಗುತ್ತಿದ್ದರು. ಕೈ ಎತ್ತಿದರೆ ಮುಗಿಯಿತೇ, ಬಾಯಲ್ಲೂ ಏನಾದರೂ ಅನ್ನಬೇಕಲ್ಲ. ಮೂರು ಕ್ಷಣದೊಳಗೆ ಎದುರಿನವರ ವಯಸ್ಸು ಅಳೆದು ಅಣ್ಣಾರ, ಕಾಕಾ, ಅಕ್ಕಾರ, ಆಯಿ ಎಂಬುದರಲ್ಲಿ ಒಂದನ್ನು ಆರಿಸಬೇಕು. ನಲವತ್ತೈದರ ಹೆಂಗಸಿಗೆ, ಅಜ್ಜಿಯರಿಗೆ ಅನ್ನುವಂತೆ, ‘ಆಯಿ’ ಎಂದ ಒಬ್ಬರನ್ನು ಆಕೆ ಸೈಕಲ್ ತಿರುಗಿಸಿ, ರಾಯಾಪುರದವರೆಗೆ ಅಟ್ಟಿಸಿಕೊಂಡು ಹೋದಳು. ಅವರು ಜೀವ ಉಳಿಸಿಕೊಂಡಿದ್ದು ‘ತಂಗೀ’ ಎಂದು ಕೂಗಿ.

ವಂದಿಸದವರ ಮೇಲೆ ದೂರು ಕೊಡಲು ‘ಮುನಿಸುಚೀಟಿ’ ಎಂಬುದನ್ನು ಮಾಡಿದೆವು. ಮುನಿಸಿಕೊಂಡವರು ಒಂದು ಚೀಟಿಯಲ್ಲಿ ತಪ್ಪಿತಸ್ಥರ ಹೆಸರು ಬರೆದು ನೆರಳ್ಬಂಕಿನ ಪೆಟ್ಟಿಗೆಗೆ ಹಾಕಬೇಕು. ಹಾಕುವವರು ತಮ್ಮ ಹೆಸರು ಬರೆಯಬೇಕಿಲ್ಲ. ಆದರೆ ಹಿಂದಕ್ಕೆ ಪಡೆಯುವುದಾದರೆ ಎಲ್ಲರೆದುರು ಎದ್ದು ನಿಂತು ಇದು ನನ್ನದೆಂದು ಹೇಳಿಯೇ ಪಡೆಯಬೇಕು. ಒಬ್ಬರ ಮೇಲೆ ಹನ್ನೆರಡು ಚೀಟಿ ನಿಂತವೆಂದರೆ ‘ಚಕ್ರಬಂಧ’: ಒಂದು ವರ್ಷ ಸೈಕಲ್ಲಿಗೆ ಬೀಗ, ಮಾಲೀಕರು ಮನೆಯಲ್ಲಿ. ಇದನ್ನೂ ನಾನೇ ಬರೆದೆ.

ಕಳೆದ ತಿಂಗಳು ಪೆಟ್ಟಿಗೆ ತೆರೆದಾಗ ನೀಲಗಂಗವ್ವನ ಹೆಸರಿನಲ್ಲಿ ಹದಿನೈದು ಚೀಟಿ ಇದ್ದವು. ನೀಲಗಂಗವ್ವ ಅರವತ್ತು ದಾಟಿದ ಒಂಟಿ ಹೆಂಗಸು. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿಗೆ ತುಂಬಿ, ಸೈಕಲ್ ಮೇಲೆ ಐವತ್ತಕ್ಕೂ ಹೆಚ್ಚು ಮನೆಗಳಿಗೆ ಮುಟ್ಟಿಸುತ್ತಾಳೆ. ಚಕ್ರ ನಿಂತರೆ ಆಕೆಯ ಹೆಂಚೂ ಆರುತ್ತದೆ. ನನ್ನ ಮನೆಗೆ ಹದಿನೆಂಟು ವರ್ಷದಿಂದ ಆಕೆಯದೇ ರೊಟ್ಟಿ. ನಾನು ಏಳುವ ಮೊದಲೇ ಗೇಟಿಗೆ ತೂಗುಹಾಕಿದ ಚೀಲದಲ್ಲಿಟ್ಟು ಹೋಗಿರುತ್ತಾಳೆ. ಆಕೆಯನ್ನು ಕಾಣುವುದು ಆಮೇಲೆ, ದಾರಿಯಲ್ಲಿ ಎದುರಾದಾಗಲೇ. ಅಂಥ ನೀಲಗಂಗವ್ವ ನಲವತ್ತು ದಿನಗಳಿಂದ ಯಾರಿಗೂ ಕೈ ಎತ್ತಿರಲಿಲ್ಲ. ನನಗೂ ಎತ್ತಿರಲಿಲ್ಲ.

ನಿಲ್ಲಿಸಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಲು ನನಗೆ ಮುಖವಿರಲಿಲ್ಲ. ಅದಕ್ಕೂ ಸ್ವಲ್ಪ ದಿನ ಮೊದಲು ಒಂದು ಸನ್ಮಾನ ಸಮಾರಂಭದಲ್ಲಿ ಮಾತಾಡುತ್ತಾ, ನಮ್ಮ ನೀಲಗಂಗವ್ವನ ರೊಟ್ಟಿ ಎಷ್ಟು ತೆಳು ಎಂದರೆ ಕಣ್ಣಿಗೆ ಹಿಡಿದು ಆಚೆಯ ಪತ್ರಿಕೆ ಓದಬಹುದು, ಅಂದಿದ್ದೆ. ಸಭೆ ನಕ್ಕಿತು. ಆಕೆ ಅಲ್ಲಿರಲಿಲ್ಲ. ಮೆಚ್ಚುಗೆಯಾಗಿ ಹೊರಟ ಮಾತು ನಾಲ್ಕು ಬಾಯಿ ದಾಟಿ, ಹಿಟ್ಟು ಉಳಿಸುತ್ತಾಳೆಂಬ ಕೊಂಕಾಗಿ ಮುಟ್ಟಿರಬೇಕೆಂದು ನನ್ನ ತರ್ಕ. ದಿನವೂ ಆಕೆ ಕೈ ಎತ್ತದೆ ಹೋದಾಗ ಮೊದಲು ಅಳುಕಿದೆ. ಆಮೇಲೆ, ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟೇ ಎಂದು ನಾನೇ ಸಿಟ್ಟಾದೆ. ತಪ್ಪು ಮಾಡಿದವನ ಸಿಟ್ಟು ಬಹಳ ಗಟ್ಟಿಯಾಗಿರುತ್ತದೆ. ಆ ಹದಿನೈದರಲ್ಲಿ ಒಂದು ಚೀಟಿ ನನ್ನದು.

ವಿಚಾರಣೆ ನವಲೂರಿನ ನೆರಳ್ಬಂಕಿನಲ್ಲಿ ನಡೆಯಿತು. ಅಧ್ಯಕ್ಷತೆ ಮಂಡಳಿಯ ಹಿರಿಯ ಹೆಣ್ಣುಮಗಳು ನದಾಫ ಬಾಯಿಯವರದು. ಸೈಕಲ್ ಸೀಟುಗಳಿಗೆ ಹತ್ತಿ ತುಂಬುವವರು, ಊರಿನ ಅರ್ಧ ಜನ ಸುಖವಾಗಿ ಕೂತಿರುವುದು ಅವರಿಂದ. ಮೊದಲು ಎದ್ದವನು ಪೇರಲ ಹಣ್ಣಿನ ವ್ಯಾಪಾರಿ ಫಕೀರಪ್ಪ ಮೊರಬದ.

“ದಿನಾ ಎದುರಿಗೆ ಬರ್ತೀನ್ರಿ ಬಾಯಾರ. ಕೈ ಎತ್ತತೀನಿ, ಅಕ್ಕಾರ ಅಂತೀನಿ. ಈಕಿ ಗ್ವಾಡಿ ನೋಡಿದಂಗ ನೋಡಿ ಹೊಕ್ಕಾಳ. ನಾ ಏನ್ ಮೈಲಿಗಲ್ಲೇನ್ರಿ?”

“ಮೈಲಿಗಲ್ಲಾಗಿದ್ರ ಓದಿಯಾದ್ರೂ ಹೋಗ್ತಿದ್ಲು, ಕುಂದ್ರಪಾ,” ಎಂದು ನದಾಫ ಬಾಯಿ ನೀಲಗಂಗವ್ವನ ಕಡೆ ತಿರುಗಿದರು. “ಯಾಕ ನೀಲಗಂಗವ್ವಾ, ಕೈ ಯಾಕ ಎತ್ತಂಗಿಲ್ಲ? ಯಾರ ಮ್ಯಾಲ ಸಿಟ್ಟು?”

ನಾನು ನಡಾವಳಿ ಪುಸ್ತಕದೊಳಗೆ ಮುಖ ಹುದುಗಿಸಿದೆ.

“ಸಿಟ್ಟಲ್ಲರೀ, ಕೀಲು,” ಎಂದಳು ನೀಲಗಂಗವ್ವ. ಬಲಗೈ ಎತ್ತಲು ಹೋದಳು. ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು, ಮುಖ ಕಿವುಚಿತು. “ಇಷ್ಟ ಏರ್ತೈತ್ರಿ. ರೊಟ್ಟಿ ಬಡಿಯಾಕ ಸಾಕು. ನಮಸ್ಕಾರಕ್ಕ ಸಾಲೂದಿಲ್ಲ.”

ಭುಜ ಕೈಕೊಟ್ಟಿತ್ತು. ಅಷ್ಟೇ ವಿಷಯ.

“ಎಡಗೈಲೆ ಮಾಡಬೇಕಿತ್ತಲ್ಲವಾ,” ಎಂದರು ಬಾಯಿ.

ನೀಲಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಎಡಗೈಲೆ? ಬೆಳಬೆಳಗ್ಗೆ, ಮಂದಿ ಮಾರಿಗೆ? ಏನ್ ಮಾತಂತ ಆಡ್ತೀರಿ ಬಾಯಾರ! ಅದಕಿಂತಾ ಸುಮ್ನ ಹೋಗೂದು ಛಲೋ ಅಲ್ಲೇನ್ರಿ? ಹಂಗಂತ ಬಾಯಿ ಕಟ್ಟಿಲ್ಲ. ಎಲ್ಲಾರಿಗೂ ಶರಣ್ರೀ ಅಂದೀನಿ. ಈ ಫಕೀರಪ್ಪಗ ದಿನಾ ಎರಡ ಸರತಿ ಅಂದೀನಿ, ಪೇರಲ ಛಲೋ ತರ್ತಾನಂತ.”

ಆಗ ನದಾಫ ಬಾಯಿಗೆ ಏನೋ ಹೊಳೆದು, ಆಕೆಯ ತಲೆಬುಟ್ಟಿಯನ್ನು ತರಿಸಿದರು. ಬಿಸಿಲಿಗೆ, ಬಿದ್ದರೆ ಪೆಟ್ಟಿಗೆ, ಎರಡಕ್ಕೂ ಆಗಲೆಂದು ನಾವು ಹಾಕಿಕೊಳ್ಳುವ ಬಿದಿರಿನ ಟೋಪಿ ಅದು. ಕೆಲವರದು, ಈಕೆಯದರ ಹಾಗೆ, ಗಲ್ಲದವರೆಗೂ ಮುಚ್ಚಿ, ಕಣ್ಣಿಗಷ್ಟೇ ಕಿಂಡಿ ಬಿಟ್ಟಿರುತ್ತದೆ. ಅದನ್ನು ತೊಡಿಸಿ, ಈಗ ಅನ್ನು ಎಂದರು. ಒಳಗಿನಿಂದ ಗಡಿಗೆಯಲ್ಲಿ ಸಿಕ್ಕ ದುಂಬಿಯ ಸದ್ದೊಂದು ಬಂತು.

ಫಕೀರಪ್ಪ ತಲೆಗೆ ಕೈ ಹಚ್ಚಿ ಕೂತ. “ಅಯ್ಯ ಶಿವನ! ನಲವತ್ತು ದಿನ ಈಕಿ ನನಗ ಶರಣು ಮಾಡ್ಯಾಳ, ನಲವತ್ತು ದಿನ ನಾ ಈಕಿನ್ನ ಬೈದೀನಿ!” ಎಂದು, ತನ್ನವೆಂದು ಮೂರು ಚೀಟಿಗಳನ್ನು ಎದ್ದು ನಿಂತು ಹಿಂತೆಗೆದುಕೊಂಡ.

ಹದಿನೈದರಲ್ಲಿ ಮೂರು ಹೋದರೆ ಹನ್ನೆರಡು. ಚಕ್ರಬಂಧಕ್ಕೆ ಬೇಕಾದದ್ದೂ ಸರಿಯಾಗಿ ಹನ್ನೆರಡು. ಬಾಯಿಯವರು ನನ್ನತ್ತ ನೋಡಿ, ಕೀಲು ನೋವಿದ್ದವರಿಗೆ ನಿಯಮದಲ್ಲಿ ರಿಯಾಯಿತಿ ಇದೆಯೇ ಎಂದು ಕೇಳಿದರು. ನಾನು ಪುಸ್ತಕ ತಿರುವಿದೆ. ಇರಲಿಲ್ಲ. ಬರೆಯುವಾಗ ನನಗೆ ಎರಡೂ ಭುಜ ನೆಟ್ಟಗಿದ್ದವು. “ಇನ್ನೊಂದ ಚೀಟಿ ಹಿಂದಕ್ಕ ಬಂದ್ರ ಸಾಕು. ಯಾರದರ ಐತೇನು ಇಲ್ಲಿ?” ಎಂದು ಅವರು ಸುತ್ತ ನೋಡಿದರು. ಕೆಲವರು ಚಾವಣಿ ನೋಡಿದರು, ಕೆಲವರಿಗೆ ಅಂಬಲಿ ಲೋಟದ ತಳದಲ್ಲಿ ಏನೋ ಕಂಡಿತು. ನೀಲಗಂಗವ್ವ ತನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದಳು, ಯಾರೋ ಈಗಲೇ ಕಸಿದುಕೊಳ್ಳುತ್ತಾರೆಂಬಂತೆ. ಆ ಎಡಗೈಯ ಗೆಣ್ಣುಗಳು ಬಿಳಿಚಿದ್ದನ್ನು ನೋಡಿದ ಮೇಲೆ ನನ್ನ ಕಾಲುಗಳು ತಾವಾಗಿಯೇ ಎದ್ದವು.

“ಒಂದು ನನ್ನದು,” ಎಂದೆ.

ತರ್ಕಶಾಸ್ತ್ರದ ಮೂವತ್ತು ವರ್ಷದಲ್ಲಿ ಅಷ್ಟು ಚಿಕ್ಕ ವಾಕ್ಯ ನಾನು ಆಡಿರಲಿಲ್ಲ. ನೀಲಗಂಗವ್ವ ಹ್ಯಾಂಡಲ್ ಬಿಟ್ಟು ನನ್ನತ್ತ ತಿರುಗಿದಳು.

“ಮಾಸ್ತರ, ನೀವೂ?”

ರೊಟ್ಟಿಯ ಮಾತಿಗೆ ಆಕೆ ಮುನಿಸಿಕೊಂಡಿದ್ದಾಳೆಂದು ನಾನು ಭಾವಿಸಿದ್ದನ್ನು, ಭಾಷಣದ ಆ ಸಾಲಿನ ಸಮೇತ, ತೊದಲುತ್ತಾ ಹೇಳಿದೆ. ಆಕೆ ನಗಲು ಶುರು ಮಾಡಿದಳು. ನಕ್ಕರೆ ಭುಜ ನೋಯುತ್ತಿತ್ತು. ಅದನ್ನು ಹಿಡಿದುಕೊಂಡೇ ನಕ್ಕಳು. “ಪೇಪರ ಓದಬೌದು ಅಂದದ್ದ? ಅದನ್ನ ಹೇಳಿ ನಾಕ ಮನಿ ಹೊಸಾವು ಹಿಡದೀನ್ರಿ ನಾನು! ಸಿಟ್ಟು ಬಂದಿದ್ರ ನಿಮ್ಮ ರೊಟ್ಟಿ ದಪ್ಪ ಆಕ್ಕಿದ್ವು, ತಿಳೀತಿದ್ದಿಲ್ಲೇನು?”

ನಲವತ್ತು ದಿನದಿಂದ ನನ್ನ ಎದೆಯೊಳಗೆ ತುಂಬಿ ಬಿಗಿದುಕೊಂಡಿದ್ದ ಗಾಳಿ ಆ ಕ್ಷಣ ಸುಸ್ಸೆಂದು ಹೊರಟಿತು. ಪಂಚರ್ ಆಗುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ.

ಅದೇ ಮಧ್ಯಾಹ್ನ ಏಳನೆಯ ನಿಯಮವನ್ನು ನಾನೇ ಹೊಡೆದುಹಾಕಿದೆ. ಚೀಟಿ ಪೆಟ್ಟಿಗೆಯನ್ನು ನದಾಫ ಬಾಯಿ ಹತ್ತಿ ಇಡಲು ಒಯ್ದರು. ಮಾರನೆಯ ದಿನ ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬಹಳ ದಿನದ ಮೇಲೆ ಮನೆಗೆ ಬಂದವರಂತೆ ಸುಮ್ಮನೆ ಸಾಗಿದರು. ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ಶುರುಮಾಡಿದರು: ಒಬ್ಬರು ಗಂಟೆ ಬಾರಿಸಿ, ಒಬ್ಬರು ಹುಬ್ಬು ಹಾರಿಸಿ, ಫಕೀರಪ್ಪ ಎರಡೂ ಕಾಲು ಪೆಡಲಿನಿಂದ ಎತ್ತಿ. ಮೂವರಲ್ಲಿ ಒಬ್ಬರು ಏನೂ ಮಾಡದೆ ಹೋಗುತ್ತಾರೆ. ದಾರಿ ಅವರನ್ನೂ ಹೊರುತ್ತದೆ. ನೀಲಗಂಗವ್ವನಿಗೆ ವೈದ್ಯರು ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿದ್ದಾರೆ; ಕೈ ಈಗ ಗಲ್ಲದವರೆಗೆ ಬಂದಿದೆ. ನನ್ನ ಗೇಟಿನ ಚೀಲದಲ್ಲಿ ಒಂದು ದಿನ ಮಾತ್ರ, ಬೇಕೆಂದೇ, ಹಲಗೆಯಷ್ಟು ದಪ್ಪದ ರೊಟ್ಟಿ ಒಂದಿತ್ತು. ಕಣ್ಣಲ್ಲಿ ನೀರು ಬರುವಷ್ಟು ಅಗಿದು, ಪೂರ್ತಿ ತಿಂದೆ.

ಹಿರಿಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಎದುರು ಬಂದವರಿಗೆ ಮನಸ್ಸಾದರೆ ನಮಸ್ಕರಿಸಿ, ಇಳಿಜಾರಿನಲ್ಲಿ ಬೇಡ. ಉತ್ತರ ಬಾರದಿದ್ದರೆ ನಿಯಮ ಬರೆಯಲು ಕೂರಬೇಡಿ. ಮುಂದಿನ ಚಹಾದಂಗಡಿಯಲ್ಲಿ ಸಿಕ್ಕಾಗ, ಭುಜ ಹೇಗಿದೆ ಎಂದು ಕೇಳಿ. ಅವರಿಗೆ ನಿಜಕ್ಕೂ ಸಿಟ್ಟೇ ಇದ್ದರೂ ಆ ಪ್ರಶ್ನೆಗೆ ಅರ್ಧ ಇಳಿಯುತ್ತದೆ.

ಹೊರಡುವಾಗ ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ಇಂದಿಗೂ ಅಪಶಕುನ. ಆದ್ದರಿಂದ, ಬರುತ್ತೇನೆ. ಇನ್ನು ಒಂದೂವರೆ ಶತಮಾನ ಬಿಟ್ಟು, ಹುಟ್ಟಿ, ಖಂಡಿತ ಬರುತ್ತೇನೆ. ಎದುರಾದರೆ ನೀವು ಕೈ ಎತ್ತದಿದ್ದರೂ ನಡೆದೀತು.

ನಿಮ್ಮ,
ಕಲ್ಮೇಶ ಯಲಿಗಾರ