ಮಣ್ಣಾಗದ ಎಲಾಸ್ಟಿಕ್ ಕುರಿತು ಮೌಲ್ಯಮಾಪನ ಮುಖ್ಯಸ್ಥರಿಗೆ

ಜವಳಿ ಪರಿಸರ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥರೇ,

ತಾವು ಐದಕ್ಕೆ ಐದು ಹಸಿರೆಲೆ ಕೊಟ್ಟು ಹರಸಿದ ಸಾವಯವ ಹತ್ತಿಯ ಒಳಚಡ್ಡಿಯ ದೆಸೆಯಿಂದ, ಕೊಯಮತ್ತೂರಿನ ಗಣಪತಿ ಬಡಾವಣೆಯ ನಮ್ಮ ಬೀದಿಯಲ್ಲಿ ನನ್ನನ್ನು ಮಾಟಗಾರನೆಂದು ನಂಬಲಾಗಿದೆ. ಇದನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ತಮಗೆ ಬರೆದೆ. ಉತ್ತರವಿಲ್ಲ. ಹೇಗೂ ಉತ್ತರ ಬರುವುದಿಲ್ಲವೆಂದ ಮೇಲೆ ಮನೆಮಾತಿನಲ್ಲೇ, ಎಲ್ಲರಿಗೂ ಕಾಣುವಂತೆ ಬರೆಯುವುದು ಲೇಸೆನಿಸಿತು.

ನಾನು ಪಂಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದು ನಿವೃತ್ತನಾದವನು. ಮೊಹರು ಬಿದ್ದದ್ದನ್ನೆಲ್ಲ ನಂಬುವುದು ನನ್ನ ವೃತ್ತಿದೋಷ. ತಿರುಪ್ಪೂರಿನಲ್ಲಿ ಕೊಂಡ ಆ ಚಡ್ಡಿಯ ಡಬ್ಬಿಯ ಮೇಲೆ, ತಮ್ಮ ಮೊಹರಿನ ಕೆಳಗೆ, ಹಳತಾದರೆ ಹೂಳಿ, ಮೂರು ತಿಂಗಳಲ್ಲಿ ಪೂರ್ತಿ ಮಣ್ಣಾಗುತ್ತದೆ ಎಂದಿತ್ತು. ಹಳತಾಯಿತು. ಹೂಳಿದೆ. ಹೆಂಡತಿ ತುಳಸಮ್ಮನಿಗೆ ಹೇಳಲಿಲ್ಲ. ಇದು ಹೇಳಬೇಕಾದ ವಿಷಯವೆಂದು ಯಾವ ಗಂಡನಿಗೆ ಹೊಳೆದೀತು?

ಹೂಳಿದ್ದು ನಮ್ಮ ಮನೆಗೂ ಪಕ್ಕದ ತೆನ್ಮೊಳಿಯ ಮನೆಗೂ ನಡುವಿನ ಜಾಗದಲ್ಲಿ. ಅಲ್ಲಿ ಗೋಡೆಯಿರಲಿಲ್ಲ. ಇಬ್ಬರು ಹೆಂಗಸರೂ ದೋಸೆಹಿಟ್ಟು, ತಲೆನೋವಿನ ಮಾತ್ರೆ, ಗಂಡಂದಿರ ಮೇಲಿನ ದೂರು ಎಲ್ಲವನ್ನೂ ಅಲ್ಲೇ ಹಂಚಿಕೊಳ್ಳುತ್ತಿದ್ದರು. ಮೂರು ತಿಂಗಳು ಕಳೆದು ಎಷ್ಟೋ ದಿನದ ಮೇಲೆ ತೆನ್ಮೊಳಿ ಕರಿಬೇವಿನ ಸಸಿ ನೆಡಲು ಅಲ್ಲಿ ಅಗೆದಳು. ಅದೇ ವಾರ ಅವಳ ಮಗಳಿಗೆ ಗೊತ್ತಾಗಿದ್ದ ಮದುವೆ ಮುರಿದುಬಿದ್ದಿತ್ತು. ಮಣ್ಣಿನಿಂದ ಮೇಲೆದ್ದು ಬಂದದ್ದು ಒಂದು ಕಪ್ಪು ಎಲಾಸ್ಟಿಕ್, ಅದಕ್ಕೆ ಸುತ್ತಿಕೊಂಡ ದಾರ, ಏನೋ ಅಚ್ಚಾದ ಬಿಳಿ ಪಟ್ಟಿ. ಹತ್ತಿಯೊಂದೇ ಮಾತಿನಂತೆ ನಡೆದುಕೊಂಡಿತ್ತು.

"ಅಕ್ಕಾ, ಯಾರೋ ಸೆಯ್‌ವಿನೈ ಮಾಡ್ಸಿದಾರೆ! ಮಾಟ!" ಎಂದು ತೆನ್ಮೊಳಿ ಕೂಗಿದಳು.

ಬೀದಿ ಸೇರಿತು. ನಾನು ಮುಂದೆ ಬಂದು, ಅದು ನನ್ನ ಚಡ್ಡಿಯೆಂದು ಎಲ್ಲರೆದುರು ಒಪ್ಪಿಕೊಂಡೆ.

"ಕಸದ ತೊಟ್ಟಿಗೆ ಹಾಕಕ್ಕೆ ಏನ್ರೀ ಕಷ್ಟ ಆಗಿತ್ತು?" ಎಂದಳು ತುಳಸಮ್ಮ.

ಸಾಕ್ಷಿಗೆಂದು ಡಬ್ಬಿ ತಂದು ತೋರಿಸಿದೆ. ತೆನ್ಮೊಳಿ ನಿಧಾನವಾಗಿ ಓದಿದಳು. "ಮೂರು ತಿಂಗಳಲ್ಲಿ ಮಣ್ಣಾಗುತ್ತೆ ಅಂತ ಆಫೀಸಿನವರೇ ಸೀಲು ಹಾಕಿದಾರಲ್ಲ ಅಣ್ಣಾ. ಆಗಿಲ್ಲ ಅಂದ್ರೆ ಏನು ಅರ್ಥ?"

ಮುಖ್ಯಸ್ಥರೇ, ಈ ತರ್ಕದಲ್ಲಿ ತಪ್ಪೆಲ್ಲಿದೆ? ತಮ್ಮ ಮೊಹರು ನಿಜವಾದರೆ ನಾನು ಮಾಟಗಾರ. ಮೊಹರು ಸುಳ್ಳೆಂದು ಹೇಳಲು ನಾನ್ಯಾರು? ಮಂತ್ರವಾದಿಯೊಬ್ಬ ಬಂದು ಅದನ್ನು ಸುಡಿಸಿದ. ಬೂದಿಯಾಗಲಿಲ್ಲ. ನಾರುತ್ತ ಕರಗಿ ಕಪ್ಪು ಉಂಡೆಯಾಯಿತು. ಅಲ್ಲಿಗೆ ನಾನು ಮಾಟಗಾರನೋ ಅಲ್ಲವೋ ಎಂಬ ಬೀದಿಯ ಅನುಮಾನವೂ ಪರಿಹಾರವಾಯಿತು.

ತಿರುಪ್ಪೂರಿನ ತಮ್ಮ ಕಚೇರಿಗೆ ಹೋದೆ. ದೇವರಾಜನ್ ಎಂಬ ಸಿಬ್ಬಂದಿ ಚಹಾ ತರಿಸಿಕೊಟ್ಟು ಬಹಳ ಸೌಜನ್ಯದಿಂದ ವಿವರಿಸಿದರು: "ನಾವು ಬಟ್ಟೆ ಮಾತ್ರ ನೋಡೋದು ಸಾರ್. ಎಲಾಸ್ಟಿಕ್, ದಾರ, ಲೇಬಲ್ ಎಲ್ಲಾ ಬಿಡಿಭಾಗ. ಲೆಕ್ಕಕ್ಕಿಲ್ಲ."

"ಬಟ್ಟೆಗೆ ಬಣ್ಣ ಹಾಕಿ ಹೊರಗೆ ಬಿಡೋ ನೀರು?"

"ಅದು ಬೇರೆ ಕಾರ್ಖಾನೆ ಸಾರ್."

"ಎಲಾಸ್ಟಿಕ್ ಇಲ್ಲದಿದ್ದರೆ ಚಡ್ಡಿ ಸೊಂಟದಲ್ಲಿ ನಿಲ್ಲೋದು ಹೇಗೆ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್."

ತಮ್ಮ ವ್ಯಾಪ್ತಿಗೆ ಬಾರದ ವಿಷಯಗಳ ಪಟ್ಟಿ ಹೀಗೆ ದೊಡ್ಡದಾಗಿರುವಾಗ ಐದೆಲೆ ಏಕೆ? ಉದಾರವಾಗಿ ಹತ್ತೇ ಕೊಡಬಹುದಿತ್ತಲ್ಲವೇ?

ಈಗ ನಡುವೆ ಗೋಡೆ ಎದ್ದಿದೆ. ಕಳೆದ ತಿಂಗಳು ತುಳಸಮ್ಮನಿಗೆ ಕಣ್ಣಿನ ಪೊರೆ ತೆಗೆದರು. ಹನಿ ಹಾಕಲು ತಾನೇ ಬರುತ್ತೇನೆಂದು ತೆನ್ಮೊಳಿ ಎಂದೋ ಮಾತು ಕೊಟ್ಟಿದ್ದಳು. ಈಗ ನಾನು ಹಾಕುತ್ತೇನೆ. ಅರ್ಧ ಹನಿ ಕೆನ್ನೆಗೆ ಬೀಳುತ್ತದೆ. ಅವಳು ಸೆರಗಿನಿಂದ ಒರೆಸಿಕೊಂಡು ಮತ್ತೆ ಮುಖ ಎತ್ತುತ್ತಾಳೆ. ಬೈದರೆ ವಾಸಿಯಿತ್ತು.

ಪರಿಹಾರಧನ ಬೇಡ. ಕ್ಷಮಾಪಣೆ ಪತ್ರವೂ ಬೇಡ. ಯಾವುದಾದರೂ ಒಂದು ಹಗಲು ತಾವೇ ಬನ್ನಿ. ತೆನ್ಮೊಳಿಯ ಬಾಗಿಲು ತಟ್ಟಿ, "ಅಮ್ಮಾ, ನಾವು ಪೂರ್ತಿ ನೋಡದೆ ಸೀಲು ಹಾಕಿದೆವು" ಎಂದಷ್ಟೇ ಹೇಳಿ. ಆಕೆ ಒಳಗೆ ಕರೆದರೆ ಹೋಗಿ, ಕಾಫಿ ಕೊಟ್ಟರೆ ಕುಡಿಯಿರಿ. ಹೊರಡುವಾಗ, ಪಕ್ಕದ ಮನೆಯಾಕೆಗೆ ಕಣ್ಣಿನ ಆಪರೇಷನ್ ಆಗಿದೆಯಂತೆ ಎಂದು ತಾವಾಗಿಯೇ ಒಂದು ಮಾತು ಎತ್ತಿ. ಮುಂದಿನದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಇಂತಿ,
ಗೋಡೆಯ ಈಚೆಗಿರುವ,
ಸುಶೀಂದ್ರ
ಗಣಪತಿ, ಕೊಯಮತ್ತೂರು